ಪ್ಯಾಕೆಟ್ಟಿನಿಂದ ಬೇರಿನವರೆಗೆ: ಬೆಳೆಗೆ ನೆರವಾಗುವ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಬಳಸುವ ಸಮಗ್ರ ಮಾರ್ಗದರ್ಶಿ

ಮುಂಗಾರು ಬಿತ್ತನೆಯ ದಿನಗಳಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಹೋದವರಿಗೆ ಬೀಜದ ಚೀಲದ ಜೊತೆಗೆ ಕಪ್ಪು ಪುಡಿಯ ಸಣ್ಣ ಪ್ಯಾಕೆಟ್ ಸಿಗುವುದು ಹೊಸದೇನಲ್ಲ. ಅದರ ಮೇಲೆ ರೈಜೋಬಿಯಂ, ಅಜೋಸ್ಪಿರಿಲಂ ಅಥವಾ ರಂಜಕ ಕರಗಿಸುವ ಬ್ಯಾಕ್ಟೀರಿಯಾ ಎಂದು ಬರೆದಿರುತ್ತದೆ. ಎಷ್ಟೋ ಸಲ ಆ ಪ್ಯಾಕೆಟ್ ಬಿಸಿಲಿನಲ್ಲಿ ನಿಂತ ಟ್ರ್ಯಾಕ್ಟರಿನಲ್ಲಿ ಅರ್ಧ ದಿನ ಕಳೆದು, ಆಮೇಲೆ ಯೂರಿಯಾ ಚೀಲದ ಮೇಲೆ ಒಂದು ವಾರ ಬಿದ್ದಿದ್ದು, ಕೊನೆಗೆ ಔಷಧಿ ಲೇಪಿಸಿದ ಬೀಜದ ಮೇಲೆ ಒಣದಾಗಿ ಉದುರಿ ಮಣ್ಣು ಸೇರುತ್ತದೆ. ಸುಗ್ಗಿಯ ಹೊತ್ತಿಗೆ "ಅದರಿಂದ ಏನೂ ಆಗಲಿಲ್ಲ" ಎಂಬ ಮಾತು ಕೇಳಿಬರುತ್ತದೆ. ಆ ಮಾತಿನಲ್ಲಿ ಸುಳ್ಳಿಲ್ಲ, ಏಕೆಂದರೆ ಬೇರು ಮೂಡುವ ಹೊತ್ತಿಗೆ ಆ ಪುಡಿಯಲ್ಲಿ ಜೀವವೇ ಉಳಿದಿರುವುದಿಲ್ಲ.

ಇಂಥ ಜೈವಿಕ ಗೊಬ್ಬರದ, ಅಂದರೆ ಜೀವಾಣು ಗೊಬ್ಬರದ, ಫಲ ನಿಂತಿರುವುದು ಒಂದೇ ಲೆಕ್ಕದ ಮೇಲೆ: ಸರಿಯಾದ ಜಾತಿಯ ಎಷ್ಟು ಬ್ಯಾಕ್ಟೀರಿಯಾಗಳು ಬದುಕಿರುವಾಗಲೇ ಬೇರಿನ ಬುಡ ತಲುಪಿದವು ಎಂಬುದರ ಮೇಲೆ. ಕೆಳಗಿನ ಹೆಜ್ಜೆಗಳೆಲ್ಲ ಆ ಸಂಖ್ಯೆಯನ್ನು ಕಾಪಾಡುವುದಕ್ಕಾಗಿಯೇ ಇವೆ. ತೊಗರಿಯನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ರಾಗಿ, ಭತ್ತ, ಕಬ್ಬು, ತರಕಾರಿಗಳ ವಿಷಯವೂ ಅಲ್ಲಲ್ಲಿ ಬರುತ್ತದೆ.

ಯಾವ ಬ್ಯಾಕ್ಟೀರಿಯಾ ಏನು ಮಾಡುತ್ತದೆ

ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಆಗಿದ್ದರೂ ಗಿಡಕ್ಕೆ ಅದನ್ನು ನೇರವಾಗಿ ಬಳಸಲು ಬರುವುದಿಲ್ಲ. ದ್ವಿದಳ ಬೆಳೆಗಳ ಬೇರುಗಂಟಿಗೂ ಗಾಳಿಯ ಸಾರಜನಕಕ್ಕೂ ಸಂಬಂಧವಿದೆ ಎಂಬುದನ್ನು 1880ರ ದಶಕದಲ್ಲಿ ಜರ್ಮನಿಯ ವಿಜ್ಞಾನಿಗಳಾದ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ತೋರಿಸಿಕೊಟ್ಟರು. ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು 1888ರಲ್ಲಿ ಬೇರ್ಪಡಿಸಿ ಬೆಳೆಸಿದವರು ಹಾಲೆಂಡಿನ ಬೈಯೆರಿಂಕ್. ಬೇರಿನ ಸುತ್ತಲಿನ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಬದುಕೇ ಬೇರೆ ಎಂದು ಗುರುತಿಸಿ, ಆ ವಲಯಕ್ಕೆ 1904ರಲ್ಲಿ ರೈಜೋಸ್ಫಿಯರ್ ಎಂದು ಹೆಸರಿಟ್ಟವರು ಜರ್ಮನಿಯ ವಿಜ್ಞಾನಿ ಹಿಲ್ಟ್ನರ್. ಪ್ಯಾಕೆಟ್ಟಿನಲ್ಲಿ ಬೀಜೋಪಚಾರದ ಪುಡಿ ಮಾರುವುದು ಇತ್ತೀಚಿನ ಪದ್ಧತಿ ಎಂದುಕೊಂಡವರು ಗಮನಿಸಬೇಕಾದ ಸಂಗತಿ ಏನೆಂದರೆ, ಹಿಲ್ಟ್ನರ್ ಮತ್ತು ನೊಬ್ಬೆ ಅಂಥದೊಂದು ಉತ್ಪನ್ನಕ್ಕೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಪೇಟೆಂಟ್ ಪಡೆದಿದ್ದರು.

ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ದ್ವಿದಳ ಗಿಡದ ಬೇರಿನೊಳಗೇ ವಾಸಮಾಡುತ್ತದೆ. ಬೇರು ಕೆಲವು ರಾಸಾಯನಿಕಗಳನ್ನು ಸ್ರವಿಸಿ ಕರೆಯುತ್ತದೆ, ಬ್ಯಾಕ್ಟೀರಿಯಾ ತನ್ನ ಸಂಕೇತದಿಂದ ಓಗೊಡುತ್ತದೆ, ಬೇರಿನ ರೋಮ ಸುರುಳಿಯಾಗಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಶೇಂಗಾದಲ್ಲಿ ಮಾತ್ರ ಅದು ಕವಲುಬೇರು ಒಡೆಯುವ ಸೀಳಿನ ಮೂಲಕ ಒಳಹೋಗುತ್ತದೆ. ಗಂಟು ಕಟ್ಟಿದ ಮೇಲೆ ಗಿಡ ಸಕ್ಕರೆಯನ್ನು ಕೊಡುತ್ತದೆ, ಬ್ಯಾಕ್ಟೀರಿಯಾ ಸಾರಜನಕವನ್ನು ಕೊಡುತ್ತದೆ. ಜೀವಾಣು ಗೊಬ್ಬರಗಳಲ್ಲಿ ಅತ್ಯಂತ ಭರವಸೆಯ ಫಲ ಕೊಡುವುದು ಇದೇ.

ಅಜೋಸ್ಪಿರಿಲಂ ಗಂಟು ಕಟ್ಟುವುದಿಲ್ಲ. ಅದು ರಾಗಿ, ಜೋಳ, ಸಜ್ಜೆ, ಭತ್ತ, ಕಬ್ಬಿನಂಥ ಬೆಳೆಗಳ ಬೇರಿನ ಮೇಲೂ ಹೊರಪದರದಲ್ಲೂ ನೆಲೆಸುತ್ತದೆ. ಬ್ರೆಜಿಲ್‌ನಲ್ಲಿ ವಿಜ್ಞಾನಿ ಜೊಹಾನಾ ಡೊಬೆರೈನರ್ 1970ರ ದಶಕದಲ್ಲಿ ಇದರ ಮೇಲೆ ನಡೆಸಿದ ಕೆಲಸದಿಂದ ಇದು ಜಗತ್ತಿನ ಗಮನಕ್ಕೆ ಬಂತು. ಇದು ಸ್ವಲ್ಪ ಸಾರಜನಕವನ್ನು ಸ್ಥಿರೀಕರಿಸುತ್ತದೆ, ಅಂದರೆ ಗಾಳಿಯದನ್ನು ಗಿಡ ಬಳಸುವ ರೂಪಕ್ಕೆ ತರುತ್ತದೆ, ಎಂಬುದು ನಿಜವಾದರೂ, ಹೊಲದಲ್ಲಿ ಕಾಣುವ ಲಾಭದ ದೊಡ್ಡ ಭಾಗ ಬರುವುದು ಅದು ಉತ್ಪಾದಿಸುವ ಬೆಳವಣಿಗೆಯ ಹಾರ್ಮೋನಿನಿಂದ: ಬೇರಿನ ರೋಮಗಳು ಹೆಚ್ಚುತ್ತವೆ, ಕವಲುಬೇರುಗಳು ಹೆಚ್ಚುತ್ತವೆ, ಗಿಡ ಹೆಚ್ಚು ಮಣ್ಣನ್ನು ತಲುಪಿ ನೀರು ಮತ್ತು ಪೋಷಕಾಂಶಗಳನ್ನು ಎಳೆದುಕೊಳ್ಳುತ್ತದೆ. ಅಜಟೋಬ್ಯಾಕ್ಟರ್ ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವಂಥದು. ಸಾವಯವ ಅಂಶ ಕಡಿಮೆ ಇರುವ ಹೊಲದಲ್ಲಿ ಅದಕ್ಕೆ ತಿನ್ನಲು ಏನೂ ಸಿಗುವುದಿಲ್ಲ.

ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳು, ಅಂದರೆ ಬ್ಯಾಸಿಲಸ್ ಮತ್ತು ಸ್ಯೂಡೋಮೊನಾಸ್ ಜಾತಿಯ ಕೆಲವು ತಳಿಗಳು, ಗ್ಲುಕೋನಿಕ್ ಮೊದಲಾದ ಸಾವಯವ ಆಮ್ಲಗಳನ್ನು ಸ್ರವಿಸಿ ಮಣ್ಣಿನಲ್ಲಿ ಕಟ್ಟಿಬಿದ್ದ ರಂಜಕವನ್ನು ಬಿಡಿಸುತ್ತವೆ. ಕೆಂಪು ಮತ್ತು ಜಂಬಿಟ್ಟಿಗೆ ಮಣ್ಣಿನಲ್ಲಿ ರಂಜಕವನ್ನು ಕಟ್ಟಿಹಾಕುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ, ಎರೆಭೂಮಿಯಲ್ಲಿ ಕ್ಯಾಲ್ಸಿಯಂ. ಸುಣ್ಣದ ಹರಳು ಬಹಳ ಇರುವ ಎರೆಮಣ್ಣು ಈ ಆಮ್ಲವನ್ನು ನುಂಗಿಹಾಕುವುದರಿಂದ ಅಲ್ಲಿ ಇವುಗಳ ಮೇಲೆ ಅತಿಯಾದ ನಿರೀಕ್ಷೆ ಇಟ್ಟುಕೊಳ್ಳಬಾರದು. ಇನ್ನೊಂದು ಮಾತು: ಇವು ಮಣ್ಣಿನಲ್ಲಿ ಇರುವ ರಂಜಕವನ್ನು ಬಿಡಿಸಬಲ್ಲವೇ ಹೊರತು ಇಲ್ಲದ ರಂಜಕವನ್ನು ಹುಟ್ಟಿಸಲಾರವು.

ಸ್ಯೂಡೋಮೊನಾಸ್ ಫ್ಲೂರೊಸೆನ್ಸ್ ಬೇರಿನ ಕಾವಲಿಗೆ ನಿಲ್ಲುವಂಥದು. ಅದು ಸುತ್ತಲಿನ ಕಬ್ಬಿಣವನ್ನು ಬಾಚಿಕೊಂಡು ರೋಗಕಾರಕ ಶಿಲೀಂಧ್ರಗಳಿಗೆ ಸಿಗದಂತೆ ಮಾಡುತ್ತದೆ, ಜೊತೆಗೆ ಅವುಗಳನ್ನು ಹತ್ತಿಕ್ಕುವ ವಸ್ತುಗಳನ್ನೂ ಸ್ರವಿಸುತ್ತದೆ. ಅಂಗಡಿಯಲ್ಲಿ ಇದು ಗೊಬ್ಬರವಾಗಿ ಅಲ್ಲ, ಜೈವಿಕ ಪೀಡೆನಾಶಕವಾಗಿ ನೋಂದಣಿಯಾಗಿ ಬರುತ್ತದೆ. ಇದರ ಪಕ್ಕದಲ್ಲೇ ಸಿಗುವ ಟ್ರೈಕೋಡರ್ಮಾ ಮತ್ತು ಮೈಕೋರೈಜಾ ಶಿಲೀಂಧ್ರಗಳು, ಬ್ಯಾಕ್ಟೀರಿಯಾಗಳಲ್ಲ. ಶಿಲೀಂಧ್ರನಾಶಕದ ವಿಷಯ ಬಂದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಮೊದಲ ಹೆಜ್ಜೆ: ನಿಮ್ಮ ಹೊಲಕ್ಕೆ ಇದು ಬೇಕೇ ಎಂದು ತೀರ್ಮಾನಿಸಿ

ಪ್ಯಾಕೆಟ್ ಕೊಳ್ಳುವ ಮೊದಲು ಹೊಲದ ಇತಿಹಾಸವನ್ನು ನೋಡಬೇಕು. ರೈಜೋಬಿಯಂನಲ್ಲಿ ಎಲ್ಲ ದ್ವಿದಳ ಬೆಳೆಗಳಿಗೂ ಒಂದೇ ಜಾತಿ ಹೊಂದುವುದಿಲ್ಲ. ತೊಗರಿ, ಅಲಸಂದೆ, ಹೆಸರು, ಉದ್ದು, ಹುರುಳಿ, ಶೇಂಗಾ ಇವು ಹೆಚ್ಚುಕಡಿಮೆ ಒಂದೇ ಗುಂಪಿನ ಬ್ಯಾಕ್ಟೀರಿಯಾವನ್ನು ಒಪ್ಪಿಕೊಳ್ಳುತ್ತವೆ. ಕಡಲೆಗೆ ಅದರದೇ ಜಾತಿ ಬೇಕು. ಸೋಯಾಬೀನ್‌ಗೂ ಹಾಗೆಯೇ; ಅದು ಪೂರ್ವ ಏಷ್ಯಾದಿಂದ ಬಂದ ಬೆಳೆಯಾದ್ದರಿಂದ ಅದರ ಸಂಗಾತಿ ಬ್ಯಾಕ್ಟೀರಿಯಾ ನಮ್ಮ ಮಣ್ಣಿನಲ್ಲಿ ತಾನಾಗಿ ಇರುವುದು ಅಪರೂಪ. ಹೀಗಾಗಿ ಬೀದರ್, ಬೆಳಗಾವಿ, ಧಾರವಾಡದ ಕಡೆ ಒಬ್ಬ ರೈತ ಮೊದಲ ಸಲ ಸೋಯಾಬೀನ್ ಬಿತ್ತುವ ಹೊಲದಲ್ಲಿ ಬೀಜೋಪಚಾರ ಮಾಡಿದ್ದಕ್ಕೂ ಮಾಡದ್ದಕ್ಕೂ ಕಣ್ಣಿಗೆ ಕಾಣುವ ಅಂತರ ಇರುತ್ತದೆ. ಅದೇ ಕಲಬುರಗಿಯ ಕಡೆ ತಲೆಮಾರುಗಳಿಂದ ತೊಗರಿ ಬೆಳೆದ ಎರೆಹೊಲದಲ್ಲಿ ಸ್ಥಳೀಯ ರೈಜೋಬಿಯಂ ಆಗಲೇ ಬೇಕಾದಷ್ಟು ಇರಬಹುದು. ಆಗ ಪ್ಯಾಕೆಟ್ಟಿನ ಫಲ ಸಣ್ಣದಾಗಿರುತ್ತದೆ. ಹಾಗಿದ್ದರೂ ಬಳಸಬೇಕೆಂದೇ ನನ್ನ ಅಭಿಪ್ರಾಯ, ಏಕೆಂದರೆ ಸ್ಥಳೀಯ ತಳಿಗಳೆಲ್ಲ ಚುರುಕಾಗಿ ಸಾರಜನಕ ಕೊಡುತ್ತವೆ ಎಂಬ ಖಾತರಿ ಇಲ್ಲ ಮತ್ತು ಖರ್ಚು ಅತ್ಯಲ್ಪ. ಆದರೆ ಪವಾಡ ನಡೆಯುತ್ತದೆ ಎಂದು ಕಾದು ಕೂರಬಾರದು.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಮೂರು ಅಂಕಿಗಳನ್ನು ನೋಡಿ: ರಸಸಾರ (ಮಣ್ಣಿನ ಹುಳಿ-ಕ್ಷಾರದ ಅಳತೆ, ಪಿಎಚ್), ಸಾವಯವ ಇಂಗಾಲ ಮತ್ತು ಲಭ್ಯ ರಂಜಕ. ರಸಸಾರ 5.5ಕ್ಕಿಂತ ಕೆಳಗಿದ್ದರೆ, ಕರಾವಳಿ ಮತ್ತು ಮಲೆನಾಡಿನಲ್ಲಿ ಇದು ಸಾಮಾನ್ಯ, ರೈಜೋಬಿಯಂ ಬದುಕುವುದು ಕಷ್ಟ; ಮೊದಲು ಕೃಷಿ ಸುಣ್ಣ ಕೊಟ್ಟು ಮಣ್ಣನ್ನು ಸರಿಪಡಿಸಬೇಕು. ಅಂಥ ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಂ ಕೊರತೆಯೂ ಕಾಡುತ್ತದೆ, ಸಾರಜನಕ ಸ್ಥಿರೀಕರಿಸುವ ಕಿಣ್ವಕ್ಕೆ ಅದು ಬೇಕೇ ಬೇಕು. ಸಾವಯವ ಇಂಗಾಲ ತೀರಾ ಕಡಿಮೆ ಇದ್ದರೆ ತಿಪ್ಪೆಗೊಬ್ಬರವಿಲ್ಲದೆ ಬ್ಯಾಕ್ಟೀರಿಯಾ ಮಾತ್ರ ಹಾಕುವುದು ವ್ಯರ್ಥ. ಸವಳು ನೆಲದಲ್ಲಿಯೂ ಮೊದಲು ಸವಳಿನ ಚಿಕಿತ್ಸೆಯಾಗಬೇಕು.

ಎರಡನೆಯ ಹೆಜ್ಜೆ: ಪ್ಯಾಕೆಟ್ ಆರಿಸುವುದು, ಮನೆಗೆ ತರುವುದು

ಜೈವಿಕ ಗೊಬ್ಬರಗಳು 2006ರಿಂದ 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಅದರ ಪ್ರಕಾರ ಪುಡಿ ರೂಪದ ರೈಜೋಬಿಯಂ, ಅಜೋಸ್ಪಿರಿಲಂ, ಅಜಟೋಬ್ಯಾಕ್ಟರ್ ಮತ್ತು ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಪ್ರತಿ ಗ್ರಾಮಿನಲ್ಲಿ ಕನಿಷ್ಠ 5 ಕೋಟಿ, ದ್ರವ ರೂಪದ್ದರ ಪ್ರತಿ ಮಿಲಿಲೀಟರಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ಈ ಅಂಕಿಯಿಂದ ಒಂದು ಲೆಕ್ಕ ಮಾಡಿ ನೋಡೋಣ. 200 ಗ್ರಾಂ ಪ್ಯಾಕೆಟ್ಟಿನಲ್ಲಿ 1,000 ಕೋಟಿ ಕೋಶಗಳಾದವು. ತೊಗರಿಯ 100 ಕಾಳು ಸುಮಾರು 10 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ 10 ಕಿಲೋ ಬೀಜದಲ್ಲಿ 1 ಲಕ್ಷ ಕಾಳುಗಳು. ಅಂದರೆ ಪುಡಿ ಪೂರ್ತಿ ಅಂಟಿದರೆ ಕಾಳೊಂದಕ್ಕೆ 1 ಲಕ್ಷ ಬ್ಯಾಕ್ಟೀರಿಯಾ. ಬಿಸಿಲಿಗೆ ಸಿಕ್ಕಿ ನೂರಕ್ಕೆ ತೊಂಬತ್ತು ಸತ್ತರೆ ಉಳಿಯುವುದು 10,000. ಲೇಪಿಸುವಾಗ ಅರ್ಧ ಪುಡಿ ಉದುರಿಹೋದರೆ 5,000. ಮಣ್ಣಿನಲ್ಲಿ ಆಗಲೇ ಬೀಡುಬಿಟ್ಟಿರುವ ಸ್ಥಳೀಯ ಬ್ಯಾಕ್ಟೀರಿಯಾಗಳ ಜೊತೆ ಜಾಗಕ್ಕಾಗಿ ಪೈಪೋಟಿ ನಡೆಸಲು ಈ ಸಂಖ್ಯೆ ಸಾಲದು.

ಹಾಗಾಗಿ ಕೊಳ್ಳುವಾಗ ತಯಾರಿಯ ದಿನಾಂಕವನ್ನು ಮೊದಲು ನೋಡಿ. ಪುಡಿ ರೂಪದ್ದಕ್ಕೆ ಸಾಮಾನ್ಯವಾಗಿ 6 ತಿಂಗಳ ಬಾಳಿಕೆ, ದ್ರವ ರೂಪದ್ದಕ್ಕೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು. ಅವಧಿ ಮುಗಿಯಲು ಹದಿನೈದು ದಿನ ಇರುವ ಪ್ಯಾಕೆಟ್ ಕಾನೂನಿನ ಪ್ರಕಾರ ಸರಿಯಿದ್ದರೂ ಅದನ್ನು ಬಿಟ್ಟು ಹೊಸದನ್ನು ಕೇಳಿ. ಜೀವಿಯ ಹೆಸರು, ಯಾವ ಬೆಳೆಗೆ ಎಂಬ ಸೂಚನೆ, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ ಇರಬೇಕು. ಕಡಲೆಗೆ ಎಂದು ಬರೆದದ್ದನ್ನು ತೊಗರಿಗೆ ಹಾಕಿದರೆ ಗಂಟು ಕಟ್ಟುವುದಿಲ್ಲ. ಪುಡಿಯನ್ನು ಪ್ಯಾಕೆಟ್ಟಿನ ಹೊರಗಿನಿಂದಲೇ ಹಿಸುಕಿ ನೋಡಿ: ಅದು ತುಸು ತೇವವಾಗಿ ಮೆತ್ತಗಿರಬೇಕು, ಬೂದಿಯಂತೆ ಒಣಗಿ ಹಾರುವಂತಿದ್ದರೆ ಬೇಡ. ದ್ರವದ ಬಾಟಲಿ ಉಬ್ಬಿದ್ದರೆ ಅಥವಾ ತೆರೆದಾಗ ಕೊಳೆತ ನಾತ ಬಂದರೆ ಬೇರೆ ಜೀವಿ ಸೇರಿಕೊಂಡಿದೆ ಎಂದೇ ಅರ್ಥ.

ಬೆಂಗಳೂರು, ಧಾರವಾಡ ಮತ್ತು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಇವುಗಳನ್ನು ತಯಾರಿಸಿ ಮಾರುತ್ತಾರೆ. ತರಕಾರಿ ಬೆಳೆಗಾರರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಪರಿಚಿತ. ಸಾರಜನಕ ಸ್ಥಿರೀಕರಿಸುವ, ರಂಜಕ ಮತ್ತು ಸತುವನ್ನು ಕರಗಿಸುವ ಹಾಗೂ ಬೆಳವಣಿಗೆಗೆ ಪ್ರಚೋದನೆ ನೀಡುವ ಜೀವಿಗಳು ಅದರಲ್ಲಿ ಒಟ್ಟಿಗೆ ಇವೆ.

ತರುವಾಗ ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ಚೀಲದೊಳಗೆ ಇಟ್ಟು ತನ್ನಿ. ಮನೆಯಲ್ಲಿ ಮಣ್ಣಿನ ಗೋಡೆಯ ತಂಪು ಕೋಣೆ, ನೆಲದ ಮೂಲೆ ಇವು ಸಾಕು. 25ರಿಂದ 28 ಡಿಗ್ರಿ ಇದ್ದರೆ ಒಳ್ಳೆಯದು. ಶೀಟಿನ ಮಾಡಿನ ಕೆಳಗೆ ಅಟ್ಟದ ಮೇಲೆ ಇಡಬೇಡಿ. ಫ್ರಿಜ್ಜಿನ ಕೆಳಗಿನ ಖಾನೆ ನಡೆಯುತ್ತದೆ, ಫ್ರೀಜರ್ ನಡೆಯುವುದಿಲ್ಲ. ರಸಗೊಬ್ಬರ, ಕೀಟನಾಶಕ, ಕಳೆನಾಶಕಗಳಿಂದ ದೂರವಿರಲಿ.

ಮೂರನೆಯ ಹೆಜ್ಜೆ: ಬೀಜೋಪಚಾರ

ಬಿತ್ತುವ ದಿನ ಬೆಳಿಗ್ಗೆಯೇ ಇದನ್ನು ಮಾಡಬೇಕು, ಹಿಂದಿನ ವಾರ ಅಲ್ಲ. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ ಹಾಕಿ ಕುದಿಸಿ ಪೂರ್ತಿ ಆರಲು ಬಿಡಿ. ಬೆರಳಿಗೆ ಸ್ವಲ್ಪವೂ ಬಿಸಿ ತಾಗಬಾರದು. ಬಿಸಿ ಪಾಕಕ್ಕೆ ಬ್ಯಾಕ್ಟೀರಿಯಾ ಹಾಕುವುದು ಕುದಿಯುವ ಹಾಲಿಗೆ ಹೆಪ್ಪು ಹಾಕಿದಂತೆ. ಆದ್ದರಿಂದ ಹಿಂದಿನ ರಾತ್ರಿಯೇ ಕುದಿಸಿ ಮುಚ್ಚಿಡುವುದು ಒಳ್ಳೆಯ ರೂಢಿ. ಬೆಲ್ಲ ಇಲ್ಲದಿದ್ದರೆ ತಣ್ಣಗಾದ, ಉಪ್ಪು ಹಾಕದ ಅನ್ನದ ಗಂಜಿ ಆಗುತ್ತದೆ. ನಗರದ ನಲ್ಲಿಯ ಕ್ಲೋರಿನ್ ನೀರನ್ನು ಬಳಸುವುದಾದರೆ ಅದನ್ನು ಕುದಿಸಿಯೇ ಬಳಸಬೇಕು.

ಈ ಅಂಟು ದ್ರಾವಣದಲ್ಲಿ 300ರಿಂದ 400 ಮಿಲಿಲೀಟರ್ ತೆಗೆದುಕೊಂಡು 200 ಗ್ರಾಂ ಪುಡಿಯನ್ನು ಕಲಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಇದು ಸುಮಾರು 10 ಕಿಲೋ ತೊಗರಿ ಬೀಜಕ್ಕೆ ಸಾಕು. ಸಣ್ಣ ಕಾಳಿನ ಬೆಳೆಗೆ ಕಿಲೋ ಲೆಕ್ಕದಲ್ಲಿ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಅದೇ ತೂಕದಲ್ಲಿ ಕಾಳುಗಳು ಎಷ್ಟೋ ಪಟ್ಟು ಹೆಚ್ಚಿರುತ್ತವೆ. ರಾಗಿಗೆ ಅಜೋಸ್ಪಿರಿಲಂ ಕಿಲೋ ಬೀಜಕ್ಕೆ 25 ಗ್ರಾಂ ಎಂಬ ಶಿಫಾರಸು ಇದೆ. ದ್ರವ ರೂಪದ್ದಾದರೆ ಲೇಬಲ್ಲಿನಲ್ಲಿರುವ ಪ್ರಮಾಣವನ್ನೇ ಅನುಸರಿಸಿ.

ನೆರಳಿನಲ್ಲಿ ಸ್ವಚ್ಛವಾದ ತಾಡಪಾಲು ಅಥವಾ ಗೋಣಿತಾಟಿನ ಮೇಲೆ ಬೀಜ ಹರಡಿ, ಲೇಪವನ್ನು ಸ್ವಲ್ಪ ಸ್ವಲ್ಪವಾಗಿ ಚಿಮುಕಿಸುತ್ತ ಎರಡೂ ಕೈಯಿಂದ ಮೃದುವಾಗಿ ಹೊರಳಿಸಿ. ಕಾಳು ಒಂದಕ್ಕೊಂದು ಅಂಟಿ ಉಂಡೆಯಾಗದೆ, ಪ್ರತಿ ಕಾಳಿನ ಮೇಲೂ ತೆಳುವಾದ ಕಪ್ಪು ಪದರ ಕೂತರೆ ಹದ ಸರಿಯಾಯಿತು. ಶೇಂಗಾ ಮತ್ತು ಸೋಯಾಬೀನ್ ಕಾಳಿನ ಸಿಪ್ಪೆ ತೀರಾ ನಾಜೂಕು. ಇವುಗಳನ್ನು ತಿಕ್ಕಿದರೆ ಸಿಪ್ಪೆ ಸುಲಿದು ಮೊಳಕೆಯ ಪ್ರಮಾಣವೇ ಕುಸಿಯುತ್ತದೆ. ಹಾಗಾಗಿ ಇವಕ್ಕೆ ದ್ರಾವಣ ಕಡಿಮೆ ಬಳಸಿ, ತಾಡಪಾಲಿನ ಎರಡು ಅಂಚು ಹಿಡಿದು ಆಚೀಚೆ ಉರುಳಿಸುವುದು ಉತ್ತಮ. ಲೇಪಿಸಿದ ಬೀಜವನ್ನು ಅರ್ಧ ಗಂಟೆ ನೆರಳಿನಲ್ಲೇ ಆರಿಸಿ. ಕೈಗೆ ಅಂಟದೆ, ಕೂರಿಗೆಯ ಬಟ್ಟಲಿನಿಂದ ಸರಾಗವಾಗಿ ಇಳಿಯುವಂತಾದರೆ ಬಿತ್ತಬಹುದು. ಅದೇ ದಿನ ಬಿತ್ತಿ ಮುಗಿಸಿ. ಮಳೆ ಬಂದು ಬಿತ್ತನೆ ನಿಂತು ಒಂದು ದಿನಕ್ಕಿಂತ ಹೆಚ್ಚು ಕಳೆದರೆ, ಮತ್ತೆ ಬಿತ್ತುವಾಗ ಹೊಸ ಪುಡಿಯಿಂದ ಇನ್ನೊಮ್ಮೆ ಲೇಪಿಸಬೇಕಾಗುತ್ತದೆ.

ಹುಳಿ ಮಣ್ಣಿನಲ್ಲಿ ಬಿತ್ತುವವರು ಲೇಪಿಸಿದ ಬೀಜ ಇನ್ನೂ ತುಸು ಅಂಟಾಗಿರುವಾಗಲೇ ನಯವಾದ ಸುಣ್ಣಕಲ್ಲಿನ ಪುಡಿಯನ್ನು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಉದುರಿಸಿ ಹೊರಳಿಸಿದರೆ ಕಾಳಿನ ಸುತ್ತ ರಕ್ಷಣೆಯ ಪದರ ಕಟ್ಟುತ್ತದೆ. ಗೋಡೆಗೆ ಬಳಿಯುವ ಸುಣ್ಣ ಇದಕ್ಕೆ ಬರುವುದಿಲ್ಲ. ಅದರ ಕ್ಷಾರಕ್ಕೆ ಬ್ಯಾಕ್ಟೀರಿಯಾ ಸಾಯುತ್ತದೆ.

ಔಷಧಿಯ ಜೊತೆ ಹೇಗೆ ಎಂಬ ಪ್ರಶ್ನೆ ಎಲ್ಲರದೂ ಆಗಿರುತ್ತದೆ. ನಿಯಮ ಸರಳ: ಮೊದಲು ಶಿಲೀಂಧ್ರನಾಶಕ, ಅದು ಒಣಗಿದ ಮೇಲೆ ಕೀಟನಾಶಕ, ಎಲ್ಲಕ್ಕಿಂತ ಕೊನೆಗೆ, ಬಿತ್ತುವ ಮೊದಲು ಜೀವಾಣು ಗೊಬ್ಬರ. ರಾಸಾಯನಿಕ ಲೇಪಿಸಿದ ಬೀಜಕ್ಕೆ ಜೀವಾಣುವಿನ ಪ್ರಮಾಣವನ್ನು ಇಮ್ಮಡಿ ಮಾಡಬೇಕು. ತಾಮ್ರಯುಕ್ತ ಶಿಲೀಂಧ್ರನಾಶಕ ತಾಗಿದ ಬೀಜಕ್ಕೆ ಬ್ಯಾಕ್ಟೀರಿಯಾ ಲೇಪಿಸುವ ಯೋಚನೆಯನ್ನೇ ಬಿಟ್ಟು, ಅದನ್ನು ತಿಪ್ಪೆಗೊಬ್ಬರದ ಮೂಲಕ ಮಣ್ಣಿಗೆ ಕೊಡಿ. ತೊಗರಿಯಲ್ಲಿ ಗಿಡ ಬಾಡಿ ಒಣಗಿಸುವ ನೆಟೆರೋಗದ ಹೆದರಿಕೆಯಿಂದ ಶಿಲೀಂಧ್ರನಾಶಕ ಬಳಸುವವರು ಅದರ ಬದಲು ಟ್ರೈಕೋಡರ್ಮಾ ಬಳಸಿದರೆ ರೈಜೋಬಿಯಂಗೆ ತೊಂದರೆಯಾಗುವುದಿಲ್ಲ. ಬಣ್ಣ ಹಾಕಿ ಕಂಪನಿಯಿಂದಲೇ ಔಷಧಿ ಲೇಪಿಸಿ ಬರುವ ಬೀಜ ಕೊಂಡವರಿಗೂ ಮಣ್ಣಿಗೆ ಕೊಡುವ ದಾರಿಯೇ ಹೆಚ್ಚು ಸುರಕ್ಷಿತ.

ನಾಲ್ಕನೆಯ ಹೆಜ್ಜೆ: ಸಸಿ, ಬಿತ್ತನೆ ಕಬ್ಬು ಮತ್ತು ಮಣ್ಣು

ನಾಟಿ ಮಾಡುವ ಬೆಳೆಗಳಲ್ಲಿ ಬೇರನ್ನೇ ಅದ್ದಬಹುದು. ಭತ್ತಕ್ಕೆ ಸುಮಾರು 1 ಕಿಲೋ ಅಜೋಸ್ಪಿರಿಲಂ ಅನ್ನು 40 ಲೀಟರ್ ನೀರಿನಲ್ಲಿ ಕದಡಿ, ಕಿತ್ತ ಸಸಿಗಳ ಕಟ್ಟುಗಳ ಬೇರು ಮುಳುಗುವಂತೆ 15ರಿಂದ 30 ನಿಮಿಷ ನಿಲ್ಲಿಸಿ ತಕ್ಷಣ ನಾಟಿ ಮಾಡಬೇಕು. ಗದ್ದೆಯ ಬದುವಿನ ಪಕ್ಕ ಸಣ್ಣ ಗುಂಡಿ ಮಾಡಿ ಪ್ಲಾಸ್ಟಿಕ್ ಹಾಸಿದರೆ ಇದಕ್ಕೆ ಬೇರೆ ಪಾತ್ರೆ ಬೇಕಿಲ್ಲ. ಟೊಮೆಟೊ, ಮೆಣಸಿನಕಾಯಿ, ಬದನೆ ಸಸಿಗಳಿಗೂ ಇದೇ ಕ್ರಮ. ಟ್ರೇಯಲ್ಲಿ ಬೆಳೆಸುವವರು ತೆಂಗಿನ ನಾರಿನ ಪುಡಿಗೆ ಮೊದಲೇ ಬೆರೆಸಿದರೆ ಸಸಿ ಹೊಲಕ್ಕೆ ಬರುವ ಹೊತ್ತಿಗೆ ಬೇರಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿರುತ್ತದೆ. ನನ್ನ ಲೆಕ್ಕದಲ್ಲಿ ತರಕಾರಿಗೆ ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲ.

ಕಬ್ಬಿನ ಸಂಗತಿ ಸ್ವಾರಸ್ಯಕರ. ಅದರ ಕಾಂಡದೊಳಗೇ ಬದುಕಿ, ಅಷ್ಟೊಂದು ಸಕ್ಕರೆಯ ನಡುವೆಯೂ ಸಾರಜನಕ ಸ್ಥಿರೀಕರಿಸುವ ಗ್ಲುಕೋನಾಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನು ಬ್ರೆಜಿಲ್‌ನ ವಿಜ್ಞಾನಿಗಳು 1988ರಲ್ಲಿ ವರದಿ ಮಾಡಿದರು. ಬಿತ್ತನೆ ತುಂಡುಗಳನ್ನು ಇದರ ಅಥವಾ ಅಜೋಸ್ಪಿರಿಲಂನ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿ ನಾಟಿ ಮಾಡಬಹುದು. ತುಂಡುಗಳಿಗೆ ಶಿಲೀಂಧ್ರನಾಶಕದ ಉಪಚಾರ ಮಾಡಿದ್ದರೆ ಕೆಲವು ದಿನ ಬಿಟ್ಟು ಬ್ಯಾಕ್ಟೀರಿಯಾವನ್ನು ಸಾಲಿನ ಮಣ್ಣಿಗೇ ಕೊಡಿ.

ಮಣ್ಣಿಗೆ ಕೊಡುವಾಗ ಎಕರೆಗೆ 2ರಿಂದ 4 ಕಿಲೋ ಪುಡಿಯನ್ನು 100ರಿಂದ 200 ಕಿಲೋ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ ನೆರಳಿನಲ್ಲಿ ಒಂದು ರಾತ್ರಿ ಇಡಿ. ಗೊಬ್ಬರವನ್ನು ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ಕೈಯಿಟ್ಟರೆ ಬಿಸಿ ಇರುವ, ಇನ್ನೂ ಕಳಿಯುತ್ತಿರುವ ತಿಪ್ಪೆಯ ಗೊಬ್ಬರ ಬೇಡ. ಸಂಜೆಯ ಹೊತ್ತು, ನೆಲದಲ್ಲಿ ಹಸಿ ಇರುವಾಗ, ಬಿತ್ತನೆಯ ಸಾಲಿನಲ್ಲೇ ಹಾಕಿ ಮಣ್ಣು ಮುಚ್ಚಬೇಕು. ಇಡೀ ಹೊಲಕ್ಕೆ ಎರಚಿ ಬಿಸಿಲಿಗೆ ಬಿಡುವುದರಿಂದ ಏನೂ ಸಿಗುವುದಿಲ್ಲ. ಹನಿ ನೀರಾವರಿಯಲ್ಲಿ ದ್ರವ ರೂಪದ್ದನ್ನು ಮಾತ್ರ ಬಿಡಿ. ಅದಕ್ಕೆ ಮೊದಲು ಕೊಳವೆಯಲ್ಲಿ ಆಸಿಡ್ ಅಥವಾ ರಸಗೊಬ್ಬರ ಉಳಿದಿರದಂತೆ ಬರೀ ನೀರು ಹರಿಸಿ.

ಇಲ್ಲಿ ಒಂದು ಅಭ್ಯಾಸದ ಬಗ್ಗೆ ಎಚ್ಚರಿಕೆ ಹೇಳಬೇಕು. ಒಂದು ಬಾಟಲಿ ದ್ರವವನ್ನು 200 ಲೀಟರ್ ಡ್ರಮ್ಮಿಗೆ ಸುರಿದು, ಬೆಲ್ಲ ಹಾಕಿ, ವಾರ ಬಿಟ್ಟು "ಹೆಚ್ಚಿಸಿಕೊಂಡೆವು" ಎನ್ನುವವರು ಈಗ ಬಹಳ. ತೆರೆದ ಡ್ರಮ್ಮಿನಲ್ಲಿ ಬೆಲ್ಲದ ನೀರನ್ನು ಮೊದಲು ಆಕ್ರಮಿಸುವುದು ಗಾಳಿಯಿಂದ ಬಂದ ಯೀಸ್ಟ್ ಮತ್ತು ಇತರ ಬ್ಯಾಕ್ಟೀರಿಯಾಗಳು. ನೀವು ಹಾಕಿದ ತಳಿ ಅದರಲ್ಲಿ ಎಷ್ಟು ಉಳಿಯಿತು ಎಂದು ಹೇಳಲಾಗುವುದಿಲ್ಲ. ಜೀವಾಮೃತದ ವಿಚಾರ ಬೇರೆ. ಅದು ಸಗಣಿ, ಗಂಜಲ, ಬೆಲ್ಲ, ದ್ವಿದಳ ಹಿಟ್ಟು, ಹಿಡಿ ಮಣ್ಣಿನಿಂದ ಬೆಳೆಸುವ ಮಿಶ್ರ ಜೀವಿಗಳ ದ್ರವ, ಮಣ್ಣಿನ ಒಟ್ಟಾರೆ ಚಟುವಟಿಕೆಗೆ ನೆರವಾಗಬಹುದು. ಆದರೆ ಸೋಯಾಬೀನ್‌ಗೆ ಬೇಕಾದ ನಿರ್ದಿಷ್ಟ ರೈಜೋಬಿಯಂ ಅದರಿಂದ ಸಿಗುತ್ತದೆ ಎಂದು ನಂಬುವಂತಿಲ್ಲ.

ಐದನೆಯ ಹೆಜ್ಜೆ: ರಸಗೊಬ್ಬರದ ಲೆಕ್ಕ

ಕೂರಿಗೆಯಲ್ಲಿ ಲೇಪಿಸಿದ ಬೀಜವನ್ನೂ ಡಿಎಪಿ ರಸಗೊಬ್ಬರವನ್ನೂ ಒಂದೇ ಬಟ್ಟಲಿಗೆ ಸುರಿಯಬಾರದು. ಗೊಬ್ಬರದ ಉಪ್ಪಿನ ನೇರ ಸಂಪರ್ಕವೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಗೊಬ್ಬರ ಬೀಜಕ್ಕಿಂತ ಕೆಳಗೆ ಅಥವಾ ಪಕ್ಕಕ್ಕೆ ಬೀಳಬೇಕು.

ಮಣ್ಣಿನಲ್ಲಿ ನೈಟ್ರೇಟ್ ಹೇರಳವಾಗಿದ್ದರೆ ದ್ವಿದಳ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ, ಏಕೆಂದರೆ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕೊಟ್ಟು ಸಾಕುವುದಕ್ಕಿಂತ ಸಿದ್ಧ ಸಾರಜನಕ ಹೀರುವುದು ಅದಕ್ಕೆ ಅಗ್ಗ. ತೊಗರಿಗೆ ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ ಎಂಬ ಶಿಫಾರಸಿನಲ್ಲಿ ಸಾರಜನಕ ಇಷ್ಟು ಕಡಿಮೆ ಇರುವುದು ಗಂಟು ಕಟ್ಟುವವರೆಗಿನ ಆರಂಭದ ಅಗತ್ಯಕ್ಕೆ ಮಾತ್ರ. ಅದರ ಮೇಲೆ "ಗಿಡ ಹಳದಿ ಕಾಣುತ್ತಿದೆ" ಎಂದು ಇಪ್ಪತ್ತನೆಯ ದಿನಕ್ಕೆ ಯೂರಿಯಾ ಎರಚಿದರೆ, ಬೀಜೋಪಚಾರದ ಫಲವನ್ನು ಕೈಯಾರೆ ಅಳಿಸಿದಂತಾಗುತ್ತದೆ. ರಂಜಕವನ್ನು ಮಾತ್ರ ಕಡಿತ ಮಾಡಬೇಡಿ. ಗಂಟುಗಳಿಗೆ ಅದು ಬಹಳ ಬೇಕು.

ಏಕದಳ ಬೆಳೆಗಳಲ್ಲಿ ಅಜೋಸ್ಪಿರಿಲಂ ಬಳಸಿದಾಗ ಸಾರಜನಕ ಗೊಬ್ಬರವನ್ನು ಕಾಲುಭಾಗದವರೆಗೆ ಇಳಿಸಬಹುದು ಎಂದು ಸಾಮಾನ್ಯವಾಗಿ ಸಲಹೆ ಕೊಡುತ್ತಾರೆ. ಮೊದಲ ವರ್ಷವೇ ಇಡೀ ಹೊಲದಲ್ಲಿ ಇಳಿಸದೆ, ಒಂದು ಪಟ್ಟೆಯಲ್ಲಿ ಇಳಿಸಿ ನೋಡಿ ಎಂಬುದು ನನ್ನ ಸಲಹೆ. ಪ್ಯಾಕೆಟ್ ಇದ್ದರೆ ಯೂರಿಯಾ ಬೇಡವೇ ಬೇಡ ಎಂದು ಮಾರುವವರ ಮಾತನ್ನು ಕೇಳಬೇಡಿ.

ಆರನೆಯ ಹೆಜ್ಜೆ: ಬೇರು ಅಗೆದು ನೋಡುವುದು

ಸೋಯಾಬೀನ್ ಆದರೆ 30ರಿಂದ 35 ದಿನಕ್ಕೆ, ತೊಗರಿ ಆದರೆ 40ರಿಂದ 50 ದಿನಕ್ಕೆ, ಹೂ ಬಿಡುವ ಮೊದಲೇ ಈ ಪರೀಕ್ಷೆ ಮಾಡಬೇಕು. ಗಿಡವನ್ನು ಕೈಯಿಂದ ಎಳೆದರೆ ಗಂಟುಗಳು ಮಣ್ಣಿನಲ್ಲೇ ಕಳಚಿ ಉಳಿಯುತ್ತವೆ. ಆದ್ದರಿಂದ ಬುಡದಿಂದ ಒಂದು ಗೇಣು ದೂರ ಸಲಿಕೆ ಇಳಿಸಿ, ಮಣ್ಣಿನ ಹೆಂಟೆಯ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಹತ್ತು ನಿಮಿಷ ನೆನೆಯಲು ಬಿಡಿ. ಮಣ್ಣು ತಾನಾಗಿ ಬಿಟ್ಟ ಮೇಲೆ ಬೇರನ್ನು ಮೆಲ್ಲಗೆ ಅಲುಗಿಸಿ ತೊಳೆಯಿರಿ.

ಮೊದಲು ಗಂಟುಗಳು ಎಲ್ಲಿವೆ ನೋಡಿ. ಬೀಜಕ್ಕೆ ಲೇಪಿಸಿದ ಬ್ಯಾಕ್ಟೀರಿಯಾ ಕೆಲಸ ಮಾಡಿದ್ದರೆ ತಾಯಿಬೇರಿನ ಮೇಲ್ಭಾಗದಲ್ಲಿ, ಬುಡದ ಹತ್ತಿರ, ದಪ್ಪ ಗಂಟುಗಳು ಗುಂಪಾಗಿರುತ್ತವೆ. ಕವಲುಬೇರುಗಳ ಮೇಲೆ ಅಲ್ಲೊಂದು ಇಲ್ಲೊಂದು ಚದುರಿದ ಸಣ್ಣ ಗಂಟುಗಳು ಹೆಚ್ಚಾಗಿ ಸ್ಥಳೀಯ ಬ್ಯಾಕ್ಟೀರಿಯಾದವು. ಶೇಂಗಾದಲ್ಲಿ ಕವಲುಬೇರು ಹೊರಡುವ ಸಂದಿಗಳಲ್ಲೇ ಗಂಟು ಕೂರುವುದರಿಂದ ಈ ಗುರುತು ಅಲ್ಲಿ ಅಷ್ಟು ನಡೆಯುವುದಿಲ್ಲ.

ಆಮೇಲೆ ದಪ್ಪನೆಯ ಗಂಟೊಂದನ್ನು ಉಗುರಿನಿಂದಲೋ ಬ್ಲೇಡಿನಿಂದಲೋ ಸೀಳಿ. ಒಳಗೆ ನಸುಗೆಂಪು ಅಥವಾ ರಕ್ತದಂಥ ಕೆಂಪು ಕಂಡರೆ ಸಾರಜನಕದ ಕೆಲಸ ನಡೆಯುತ್ತಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನು ಆ ಬಣ್ಣಕ್ಕೆ ಕಾರಣ. ಆಮ್ಲಜನಕ ತಾಗಿದರೆ ಕೆಟ್ಟುಹೋಗುವ ಕಿಣ್ವವನ್ನು ಅದು ಕಾಯುತ್ತದೆ. ಒಳಗೆ ಬಿಳಿ ಇದ್ದರೆ ಗಂಟು ಇನ್ನೂ ಎಳೆಯದು ಅಥವಾ ನಿಷ್ಪ್ರಯೋಜಕ ತಳಿಯದು; ಒಂದು ವಾರ ಬಿಟ್ಟು ಇನ್ನೊಂದು ಗಿಡ ಅಗೆದು ನೋಡಿದರೆ ಯಾವುದೆಂದು ತಿಳಿಯುತ್ತದೆ. ಹಸಿರು ಅಥವಾ ಕಂದು ಬಣ್ಣ ಕೆಲಸ ಮುಗಿಸಿದ ಹಳೆಯ ಗಂಟಿನದು. ಕಾಯಿ ತುಂಬುವ ಹಂತದಲ್ಲಿ ಇದು ಸಹಜ, ಹೂವಿಗೆ ಮೊದಲೇ ಕಂಡರೆ ನೀರಿನ ಕೊರತೆ ಅಥವಾ ನೀರು ನಿಂತದ್ದನ್ನು ಶಂಕಿಸಿ.

ಎಲ್ಲ ಉಬ್ಬೂ ಒಳ್ಳೆಯ ಗಂಟಲ್ಲ. ಬೇರನ್ನು ಕಾಡುವ ಜಂತುಹುಳುವಿನ (ನೆಮಟೋಡ್) ಬಾಧೆಯಿಂದಲೂ ಬೇರು ಗಂಟುಗಂಟಾಗುತ್ತದೆ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಉಗುರಿನಿಂದ ತಳ್ಳಿದರೆ ಬೇರಿಗೆ ಪೆಟ್ಟಾಗದೆ ಉದುರುತ್ತದೆ. ಜಂತುಹುಳುವಿನ ಗಂಟು ಬೇರಿನ ಊತವೇ ಆಗಿರುವುದರಿಂದ ಅದನ್ನು ಬಿಡಿಸಹೋದರೆ ಬೇರೇ ಹರಿಯುತ್ತದೆ, ಒಳಗೆ ಕೆಂಪು ಇರುವುದಿಲ್ಲ.

ಗಂಟೇ ಇಲ್ಲದಿದ್ದರೆ ಆ ಬೆಳೆಯಲ್ಲಿ ಮತ್ತೆ ಪ್ಯಾಕೆಟ್ ಸುರಿದು ಪ್ರಯೋಜನ ಕಡಿಮೆ. ಕೃಷಿ ಇಲಾಖೆ ಅಥವಾ ಕೃಷಿ ವಿಜ್ಞಾನ ಕೇಂದ್ರದವರಿಗೆ ಬೇರು ತೋರಿಸಿ, ಅವರು ಹೇಳಿದಷ್ಟು ಸಾರಜನಕ ಮೇಲುಗೊಬ್ಬರವಾಗಿ ಕೊಟ್ಟು ಬೆಳೆ ಉಳಿಸಿಕೊಳ್ಳಿ; ಖಾಲಿ ಪ್ಯಾಕೆಟ್ಟನ್ನು ಎತ್ತಿಟ್ಟಿದ್ದರೆ ಅದನ್ನೂ ಒಯ್ಯಿರಿ, ಬ್ಯಾಚ್ ಸಂಖ್ಯೆಯಿಲ್ಲದೆ ದೂರಿಗೆ ಬೆಲೆಯಿಲ್ಲ.

ಹೋಲಿಕೆಯ ಪಟ್ಟೆ

ಅಜೋಸ್ಪಿರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳಲ್ಲಿ ಸೀಳಿ ನೋಡಲು ಗಂಟು ಇರುವುದಿಲ್ಲ. ಅಲ್ಲಿ ಉಳಿದಿರುವ ಒಂದೇ ಪ್ರಾಮಾಣಿಕ ದಾರಿ ಎಂದರೆ ಉಪಚಾರ ಮಾಡದ ಕೆಲವು ಸಾಲುಗಳನ್ನು ಬಿಡುವುದು. ಹೊಲದ ಎರಡು ಬೇರೆ ಬೇರೆ ಕಡೆ ನಾಲ್ಕರಿಂದ ಆರು ಸಾಲು ಬಿಡಿ; ಒಂದೇ ಕಡೆ ಬಿಟ್ಟರೆ ಮಣ್ಣಿನ ಏರುಪೇರು ಮೋಸ ಮಾಡುತ್ತದೆ. ಉಪಚರಿಸದ ಬೀಜವನ್ನು ಮೊದಲು ಬಿತ್ತಬೇಕು, ಏಕೆಂದರೆ ಲೇಪಿಸಿದ ಬೀಜ ಹಾದುಹೋದ ಕೂರಿಗೆಯ ಬಟ್ಟಲು ಮತ್ತು ನಿಮ್ಮ ಕೈ ಎರಡರಲ್ಲೂ ಬ್ಯಾಕ್ಟೀರಿಯಾ ಇರುತ್ತದೆ. ಗೊಬ್ಬರ, ಎಡೆ, ನೀರು, ಔಷಧಿ ಎರಡಕ್ಕೂ ಒಂದೇ ಸಮ ಇರಲಿ. ಮೂಲೆಗಳಿಗೆ ಗೂಟ ಹೊಡೆದು ಗುರುತು ಮಾಡಿ, ಕಟಾವಿನಲ್ಲಿ ಅಷ್ಟೇ ಉದ್ದದ ಉಪಚರಿಸಿದ ಸಾಲುಗಳನ್ನೂ ಉಪಚರಿಸದ ಸಾಲುಗಳನ್ನೂ ಬೇರೆ ಬೇರೆ ಒಕ್ಕಿ ತೂಗಿ ಬರೆದಿಡಿ. ಗಿಡದ ಹಸಿರು ನೋಡಿ ಇಳುವರಿ ಅಂದಾಜು ಮಾಡಬೇಡಿ. ಮಳೆ ಚೆನ್ನಾಗಿ ಆದ ವರ್ಷಕ್ಕೂ ಬರದ ವರ್ಷಕ್ಕೂ ಫಲ ಬೇರೆಯಾಗುವುದರಿಂದ ಒಂದೇ ಹಂಗಾಮಿನ ತೂಕದ ಮೇಲೆ ತೀರ್ಮಾನಕ್ಕೆ ಬರದೆ, ಎರಡು ಮೂರು ಹಂಗಾಮು ಇದೇ ರೀತಿ ಪಟ್ಟೆ ಬಿಟ್ಟು, ಪ್ರತಿ ಸಲವೂ ತಯಾರಿಯ ದಿನಾಂಕ, ಬಿತ್ತಿದ ದಿನ, ಆ ದಿನದ ನೆಲದ ಹಸಿ ಎಷ್ಟಿತ್ತು ಎಂಬುದನ್ನು ತೂಕದ ಪಕ್ಕದಲ್ಲೇ ಬರೆದುಕೊಳ್ಳಿ.